ಎರಡೂ ಕಾಣುವ ಜಾಗ

"ಸಂಜೆ ಓನರ್ರು ಬರ್ತಾರಂತೆ ಕಣೋ, ನೀನೂ ಇದ್ರೆ ಒಳ್ಳೇದು," ಎಂದಷ್ಟೇ ಅಕ್ಕ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದು. ಬೈಯಲಿಲ್ಲ. ಬೈದಿದ್ದರೆ ಅವನೂ ಎರಡು ಮಾತು ತಿರುಗಿಸಿ ಆಡಿ, ಆಮೇಲೆ ತಾನೇ ಫೋನು ಮಾಡಿ ತಪ್ಪಾಯಿತೆಂದು ಹೇಳಿ, ಹಗುರಾಗಿ ಕೆಲಸಕ್ಕೆ ಹೊರಡುತ್ತಿದ್ದ. ಅವಳು ಬೈಯದೆ, ಹಿಂದೆ ಭಾವ ಕೆಮ್ಮುವುದು ತಮ್ಮನಿಗೆ ಕೇಳಿಸದಿರಲೆಂದು ಫೋನಿಗೆ ಕೈ ಅಡ್ಡ ಹಿಡಿದು, "ಟೀ ಕುಡಿದ್ಯಾ?" ಎಂದು ಕೇಳಿದ್ದಳು. ಕೈ ಅಡ್ಡ ಹಿಡಿದಿದ್ದು ಕಾಣಿಸುವುದಿಲ್ಲ ನಿಜ, ಆದರೆ ಗೊತ್ತಾಗುತ್ತದೆ. ದನಿಗೆ ಒಮ್ಮೆಲೇ ಬಟ್ಟೆ ಸುತ್ತಿದ ಹಾಗಾಗುತ್ತದೆ. ಈಗ ದೊಡ್ಡ ಹೋಟೆಲಿನ ಬಾಗಿಲಲ್ಲಿ, ಕುತ್ತಿಗೆಗೆ ಕ್ಯಾಮೆರಾ ತೂಗುಹಾಕಿಕೊಂಡು ಗಿರಾಕಿಗಾಗಿ ಕಾಯುತ್ತ ನಿಂತಿರುವಾಗಲೂ ಅವನಿಗೆ ಆ ಕೈಯೇ ಕಣ್ಣಿಗೆ ಕಟ್ಟಿದಂತಿತ್ತು. ಅಕ್ಕನ ಕೈ ಸಣ್ಣದು. ಅಷ್ಟು ದೊಡ್ಡ ಕೆಮ್ಮನ್ನು ಅದರಲ್ಲಿ ಮುಚ್ಚುವುದು ಆಗುವ ಮಾತಲ್ಲ. ಓನರು ಬಂದು ಏನು ಹೇಳುತ್ತಾನೆಂಬುದು ಅಕ್ಕನಿಗೂ ಗೊತ್ತು, ಅವನಿಗೂ ಗೊತ್ತು. ಮನೆ ಖಾಲಿ ಮಾಡಿ, ಅಲ್ಲಿ ಅಂಗಡಿ ಹಾಕುತ್ತೇನೆ, ಬಾಗಿಲ ಮುಂದೆ ಇಷ್ಟು ಜನ ಸೇರುವಾಗ ಬಾಗಿಲು ಮುಚ್ಚಿಕೊಂಡು ಕೂರುವ ಬಾಡಿಗೆಯವರನ್ನು ಇಟ್ಟುಕೊಂಡು ನಾನೇನು ಮಾಡಲಿ, ಎಂದು ಹೋದ ಸಲವೇ ಹೇಳಿಹೋಗಿದ್ದಾನೆ. ಆ ಜನ ಅಲ್ಲಿ ಸೇರುವಂತೆ ಮಾಡಿದವನು ಅವಳ ತಮ್ಮನೇ.

ಈ ಊರನ್ನು ಕಾಣದವರು ಯಾರೂ ಇಲ್ಲ. ಇಲ್ಲಿಗೆ ಎಂದೂ ಬರದವರೂ ಕ್ಯಾಲೆಂಡರಿನಲ್ಲಿ, ಬಿಸ್ಕತ್ತಿನ ಡಬ್ಬದ ಮುಚ್ಚಳದ ಮೇಲೆ, ನೆಂಟರ ಮನೆಯ ಗೋಡೆಯ ಮೇಲೆ ಇಲ್ಲಿನ ಗುಮ್ಮಟವನ್ನೂ ಸೇತುವೆಯನ್ನೂ ನೋಡಿರುತ್ತಾರೆ. ಹಾಗಾಗಿ ಬರುವವರು ನೋಡುವುದಕ್ಕೆಂದು ಬರುವುದಿಲ್ಲ. ಮೊದಲೇ ನೋಡಿಬಿಟ್ಟಿರುವುದರ ಮುಂದೆ ತಾವೂ ಒಮ್ಮೆ ನಿಂತುಕೊಳ್ಳುವುದಕ್ಕೆ ಬರುತ್ತಾರೆ. ನಿಲ್ಲಿಸುವುದು ಅವನ ಕಸುಬು. ಯಾವ ಹೊತ್ತಿಗೆ ಗುಮ್ಮಟದ ಯಾವ ಮಗ್ಗುಲಿಗೆ ಬಿಸಿಲು ಬೀಳುತ್ತದೆ, ಯಾವ ಬೆಂಚಿನ ಮೇಲೆ ಹತ್ತಿ ನಿಂತರೆ ಕೆಳಗಿನ ತಳ್ಳುಗಾಡಿಗಳು ಕಾಣಿಸುವುದಿಲ್ಲ, ಯಾವ ಕಾವಲುಗಾರ ಕಂಡೂ ಕಾಣದ ಹಾಗೆ ಇರುತ್ತಾನೆ, ಇವೆಲ್ಲ ಅವನಿಗೆ ಬಾಯಿಪಾಠ. ಎಲ್ಲರೂ ಕೇಳುವುದು ಒಂದೇ: ಹಿಂದೆ ಯಾರೂ ಇರಬಾರದು. ಇರುವೆಯ ಹಾಗೆ ಜನ ಮುತ್ತಿರುವ ಊರಿನಲ್ಲಿ, ಆ ಇರುವೆಗಳಲ್ಲೊಂದು ಬಂದು, ನನ್ನ ಬಿಟ್ಟು ಬೇರೆ ಇರುವೆ ಕಾಣಬಾರದು ಎನ್ನುತ್ತದೆ. ಅವನೂ ಆಗಲಿ ಎನ್ನುತ್ತಾನೆ. ತೆಗೆಯುವಾಗ ಆಗದಿದ್ದದ್ದನ್ನು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಅಳಿಸುತ್ತಾನೆ. ಒಂದೊಂದು ದಿನ ಊಟಕ್ಕೆ ಕೂತಾಗ, ಇವತ್ತು ಎಷ್ಟು ಜನರನ್ನು ಅಳಿಸಿದೆ ಎಂದು ನೆನಪಾಗಿ ಬಾಯಿಗಿಟ್ಟ ತುತ್ತು ಅಲ್ಲೇ ನಿಲ್ಲುತ್ತದೆ.

ಗುಮ್ಮಟ ದಿಬ್ಬದ ಮೇಲೆ, ಸೇತುವೆ ನದಿ ತಿರುಗುವಲ್ಲಿ. ಗುಮ್ಮಟ ಕಂಡರೆ ಸೇತುವೆ ಮರೆ. ಸೇತುವೆಯ ಎದುರು ನಿಂತರೆ ಗುಮ್ಮಟಕ್ಕೆ ಬೆನ್ನು. ಎರಡೂ ಒಂದೇ ಫೋಟೋದಲ್ಲಿ ಬರಬೇಕೆಂದು ಈ ಕಸುಬಿನವರೆಲ್ಲ ಒಂದಲ್ಲ ಒಂದು ಕಾಲದಲ್ಲಿ ತಲೆ ಕೆಡಿಸಿಕೊಂಡವರೇ. ಅವನಿಗೆ ಅದು ಸಿಕ್ಕಿದ್ದು ಹುಡುಕಿ ಅಲ್ಲ. ಭಾವನಿಗೆ ಉಸಿರು ಕಟ್ಟಿದೆಯೆಂದು ಅಕ್ಕನ ಮನೆಗೆ ಓಡಿಹೋಗಿ, ಅಲ್ಲೇ ಉಳಿದು, ಬೆಳಕು ಹರಿಯುವಾಗ ಟೀ ಲೋಟ ಹಿಡಿದು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದ. ಎಷ್ಟೋ ವರ್ಷಗಳಿಂದ ಕೂತ ಮೆಟ್ಟಿಲು. ಅವತ್ತು ಎದುರಿನ ಹಳೆಯ ಗೋದಾಮನ್ನು ಕೆಡವಿ ಹಾಕಿದ್ದರು. ಗಲ್ಲಿ ತಿರುಗುವ ಸಂದಿಯಲ್ಲಿ, ಎರಡು ಗೋಡೆಗಳ ನಡುವೆ, ಎಡಕ್ಕೆ ಗುಮ್ಮಟ, ಬಲಕ್ಕೆ ಮಂಜಿನಲ್ಲಿ ಅರ್ಧ ಮುಳುಗಿದ ಸೇತುವೆ. ಒಳಗೆ ಭಾವ ಕೆಮ್ಮುತ್ತಿದ್ದರು. "ಸ್ವಲ್ಪ ಬಂದು ಹಿಡ್ಕೊಳೋ" ಎಂದು ಅಕ್ಕ ಕರೆದದ್ದೂ ಕೇಳಿಸಿತು. ಬಂದೆ ಎನ್ನುತ್ತಲೇ ಅವನು ಮಂಜು ಕರಗುವ ಮೊದಲು ಒಂದು, ಇನ್ನೊಂದು, ಮತ್ತೊಂದು ತೆಗೆದ. ಅದೇ ದಿನ ಅದನ್ನು ನೆಟ್ಟಿಗೆ ಹಾಕಿದ, ನಕ್ಷೆಯಲ್ಲಿ ಗುರುತು ಸಮೇತ. ಕೆಳಗೆ ಬರೆದ: ಈ ಊರಿನ ಮೌನ ಇಲ್ಲಿ ಅಡಗಿದೆ. ಬರೆಯುವಾಗ ಭಾವನ ಕೆಮ್ಮು ಅವನ ಕಿವಿಯಲ್ಲೇ ಇತ್ತು, ಆದರೂ ಆ ಸಾಲು ಚೆನ್ನಾಗಿದೆ ಎಂದು ಅವನಿಗೆ ಅನ್ನಿಸಿತ್ತು.

ಭಾವ ಬದುಕಿಡೀ ಗೋಡೆಗಳಿಗೆ ಬಣ್ಣ ಹೊಡೆದವರು. ಹಳೆಯ ಬಣ್ಣ ಕೆರೆಯುವಾಗ ಎದ್ದ ಪುಡಿಯೆಲ್ಲ ಎದೆಯಲ್ಲಿ ಕೂತಿದೆಯೆಂದು ಡಾಕ್ಟರು ಹೇಳಿದ್ದರು. ಮನೆಗೆ ಇರುವುದು ಒಂದೇ ಬಾಗಿಲು; ಹಿಂಗೋಡೆ ಹಿಂದಿನ ಹೋಟೆಲಿನದು, ಅದಕ್ಕೆ ಕಿಟಕಿ ಇಲ್ಲ. ಅದಕ್ಕೇ ಭಾವನ ಮಂಚವನ್ನು ಬಾಗಿಲಿಗೆ ಎದುರಾಗಿ ಹಾಕಿದ್ದರು. ಬಾಗಿಲು ತೆರೆದಿದ್ದರೆ ಅವರು ಉಸಿರಾಡುತ್ತಾರೆ. ಮುಚ್ಚಿದರೆ ಮೀನಿನ ಹಾಗೆ ಬಾಯಿ ತೆರೆಯುತ್ತಾರೆ. ಫೋಟೋ ನೋಡಿ ಮೊದಲು ನಾಲ್ಕು ಜನ ಬಂದರು, ಆಮೇಲೆ ಗಲ್ಲಿ ತುಂಬ. ಮೆಟ್ಟಿಲ ಮೇಲೆ ಕೂತು, ಅತ್ತ ಗುಮ್ಮಟ ಸೇತುವೆಯದೊಂದು, ಇತ್ತ ಬಾಗಿಲಿನದೊಂದು ತೆಗೆಸಿಕೊಳ್ಳುವುದಕ್ಕೆ ಸರತಿ ಸಾಲು. ಬಾಗಿಲು ತೆರೆದಿದ್ದರೆ ಒಳಗೆ ಇಣುಕುವವರು. ಮಂಚದ ಮೇಲಿನ ಮನುಷ್ಯನನ್ನು ನೋಡಿ ಅಯ್ಯೋ ಎಂದು ಮುಖ ತಿರುಗಿಸಿ, ಮತ್ತೆ ತಿರುಗಿ ನೋಡುವವರು. ಕಡೆಗೆ ಅಕ್ಕ ಬಾಗಿಲು ಹಾಕಿಕೊಂಡಳು. "ಮುಚ್ಚಿದ ಬಾಗಿಲೇ ಚೆಂದ ಕಾಣುತ್ತೆ ಅಂತಾರೆ ಕಣೋ ಅವರು," ಎಂದು ಒಮ್ಮೆ ನಕ್ಕು ಹೇಳಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುವುದು ಇದಕ್ಕೇ ಇರಬೇಕು ಎಂದು ಅವನಿಗೆ ಅನ್ನಿಸಿತ್ತು, ಆದರೆ ಆಗಲೂ ಗಿರಾಕಿಗಳನ್ನು ಅಲ್ಲಿಗೆ ಕರೆತರುವುದನ್ನು ಬಿಟ್ಟಿರಲಿಲ್ಲ. ಎಲ್ಲರೂ ಅದನ್ನೇ ಕೇಳುತ್ತಿದ್ದರು. ಒಂದು ಸಲ ಅವನು ಒಂದು ಸಂಸಾರವನ್ನು ಮೆಟ್ಟಿಲ ಮೇಲೆ ಕೂರಿಸುತ್ತಿರುವಾಗ ಅಕ್ಕ ಬಾಗಿಲು ತೆರೆದು ನಿಂತುಬಿಟ್ಟಳು. ಗುರುತಿನವರೇ ಎಂದು ಆ ಸಂಸಾರದ ಯಜಮಾನ ಕೇಳಿದ. ಅವನು, "ಇಲ್ಲೇ ಇರೋರು," ಎಂದ. ಸುಳ್ಳಲ್ಲ. ಅಕ್ಕ ಒಳಗೆ ಹೋಗಿ ಆ ಮಕ್ಕಳಿಗೆ ನೀರು ತಂದುಕೊಟ್ಟಳು, ಅವನಿಗೂ ಒಂದು ಲೋಟ ಕೊಟ್ಟಳು, "ತಗೊಳ್ಳಿ" ಎಂದು ಬಹುವಚನದಲ್ಲಿ ಹೇಳಿ. ಆ ನೀರನ್ನು ಅವನು ಗಟಗಟ ಕುಡಿದ.

ಅದಕ್ಕೇ ಇವತ್ತು ಬೆಳಿಗ್ಗೆ ಫೋನಿಟ್ಟ ಮೇಲೆ ಅವನು ನಿರ್ಧರಿಸಿದ್ದ. ಸಂಜೆಯೊಳಗೆ ಎರಡೂ ಕಾಣುವ ಇನ್ನೊಂದು ಜಾಗ ಹುಡುಕಬೇಕು. ಇದಕ್ಕಿಂತ ಚೆನ್ನಾಗಿರಬೇಕು. ಅದನ್ನು ತಾನೇ ನೆಟ್ಟಿಗೆ ಹಾಕಬೇಕು. ಇಷ್ಟೊಂದು ಜನ ಅವನ ಮಾತು ಕೇಳಿ ಗಲ್ಲಿಗೆ ಬಂದರಲ್ಲ, ಅವನ ಮಾತು ಕೇಳಿಯೇ ಬೇರೆ ಕಡೆ ಹೋಗುತ್ತಾರೆ. ಜನ ಹೋದರೆ ಓನರಿಗೆ ಅಂಗಡಿಯ ಆಸೆ ಹೋಗುತ್ತದೆ, ಅಕ್ಕ ಬಾಗಿಲು ತೆರೆಯುತ್ತಾಳೆ, ಭಾವ ಉಸಿರಾಡುತ್ತಾರೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಇದನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಅವನು ಹಲ್ಲು ಕಡಿಯುತ್ತಿದ್ದ. ಅಷ್ಟರಲ್ಲಿ ಗಿರಾಕಿ ಹೋಟೆಲಿನಿಂದ ಹೊರಗೆ ಬಂದರು: ದಪ್ಪ ಕನ್ನಡಕ ಹಾಕಿದ್ದ, ಹಲ್ಲಿನ ಡಾಕ್ಟರು, ಅವರ ಹಿಂದೆ ಮಂಡಿ ನೋವಿನಿಂದ ಸ್ವಲ್ಪ ಕುಂಟುತ್ತ ಅವರ ಹೆಂಡತಿ.

"ನೀವೇನಾ ಫೋಟೋದವರು?" ಎಂದ ಡಾಕ್ಟರು ಅವನ ಮುಖ ನೋಡುವ ಬದಲು ಬಾಯಿ ನೋಡಿದರು. "ರಾತ್ರಿ ಹಲ್ಲು ಕಡೀತೀರಾ? ದವಡೆ ಸವೆದ ಹಾಗಿದೆ."

"ಇಲ್ಲ ಸಾರ್, ಹಗಲೇ ಕಡಿಯೋದು," ಎಂದ ಅವನು. ಡಾಕ್ಟರ ಹೆಂಡತಿ ನಕ್ಕರು. ಡಾಕ್ಟರು ನಗಲಿಲ್ಲ, ಫೋನು ತೆಗೆದು ಅವನಿಗೆ ಅವನದೇ ಫೋಟೋ ತೋರಿಸಿದರು. ಮೆಟ್ಟಿಲು, ಎರಡು ಗೋಡೆಗಳ ಸಂದಿ, ಮಂಜು.

"ನಮಗೆ ಇದೊಂದು ಸಾಕು. ಬೇರೆ ಏನೂ ಬೇಡ. ನೇರ ಅಲ್ಲಿಗೇ ಕರ್ಕೊಂಡು ಹೋಗಿ."

"ಅಲ್ಲಿ ಈಗ ತುಂಬ ಗದ್ದಲ ಸಾರ್. ಅದಕ್ಕಿಂತ ಚೆನ್ನಾಗಿರೋ ಜಾಗ ತೋರಿಸ್ತೀನಿ, ಯಾರೂ ನೋಡಿಲ್ಲದ್ದು."

"ಯಾರೂ ನೋಡಿಲ್ಲ ಅಂದ್ರೆ ಚೆನ್ನಾಗಿದೆ ಅಂತ ಹೇಗ್ರೀ ಗೊತ್ತಾಗೋದು?" ಎಂದರು ಡಾಕ್ಟರು. ಅವನು ಕೇಳಿಸದವನ ಹಾಗೆ ಮುಂದೆ ನಡೆದ. ಅವರು ಹಿಂದೆ ಬಂದರು.

ಗಿರಾಕಿಯನ್ನು ಹಿಂದಿಟ್ಟುಕೊಂಡು ಹುಡುಕಾಡುವುದು ನಾಚಿಕೆಗೇಡು. ಗೊತ್ತಿರುವವನ ಹಾಗೆ ಹೆಜ್ಜೆ ಹಾಕಬೇಕು, ಮನಸ್ಸಿನಲ್ಲಿ ದೇವರೇ ದೇವರೇ ಎನ್ನುತ್ತಿರಬೇಕು. ಮೊದಲು ಬಟ್ಟೆ ಒಗೆಯುವ ಕಾರ್ಖಾನೆಯ ಹಿಂದಿನ ದಿಣ್ಣೆಗೆ ಕರೆದೊಯ್ದ. ಅಲ್ಲಿಂದ ಗುಮ್ಮಟವೇನೋ ಬೆಣ್ಣೆಯ ಮುದ್ದೆಯ ಹಾಗೆ ಕಂಡಿತು, ಸೇತುವೆಯ ಜಾಗದಲ್ಲಿ ಮಾತ್ರ ಹೊಗೆಗೊಳವೆ. ಅಲ್ಲಿಂದ ಹಳೇ ರೈಲ್ವೆ ಗೇಟಿಗೆ. ಅಲ್ಲಿ ಸೇತುವೆಯ ಕಾಲುಗಳಷ್ಟೇ ಕಂಡವು. ಡಾಕ್ಟರ ಹೆಂಡತಿ ಒಂದು ಕಲ್ಲಿನ ಮೇಲೆ ಕೂತು ಮಂಡಿ ತಿಕ್ಕಿಕೊಂಡರು. "ದೂರದ ಬೆಟ್ಟ ನುಣ್ಣಗೆ ಅಂತ ಸುಮ್ನೆ ಹೇಳ್ತಾರಾ? ಫೋಟೋದಲ್ಲೇ ಚೆನ್ನಾಗಿತ್ತು ಬಿಡಿ, ಹೋಟೆಲಲ್ಲೇ ಕೂತು ನೋಡ್ಕೋಬಹುದಿತ್ತು," ಎಂದರು. ಬೇಸರದಿಂದಲ್ಲ, ಅವನನ್ನು ಪೇಚಿನಿಂದ ಬಿಡಿಸುವುದಕ್ಕೆ ಹೇಳಿದ ಹಾಗಿತ್ತು. ಅವನಿಗೆ ಅವರ ಕಾಲು ಮುಟ್ಟಿ, ಅಮ್ಮಾ, ನಾನು ಯಾಕೆ ಓಡುತ್ತಿದ್ದೇನೆಂದು ಹೇಳಿಬಿಡಲೇ ಎನ್ನಿಸಿತು. ಡಾಕ್ಟರು ಗಡಿಯಾರ ನೋಡಿಕೊಂಡರು. ಇದು ದಿಕ್ಕು ತಪ್ಪಿದವನ ನಡಿಗೆ ಎಂಬುದು ಅವರಿಗೆ ಗೊತ್ತಾಗಿಬಿಟ್ಟಿತ್ತು, ಹಲ್ಲು ಕೀಳಿಸಿಕೊಳ್ಳಲು ಬಂದವನ ಹೆದರಿಕೆ ಗೊತ್ತಾಗುವ ಹಾಗೆ. "ರೀ, ನೀವೇ ಹಾಕಿದ್ದಲ್ವೇನ್ರಿ ಆ ಫೋಟೋ? ಮತ್ತೆ ಯಾಕೆ ಹೀಗೆ ಸುತ್ತಿಸ್ತಿದೀರಿ? ದಾರಿ ಮರೆತುಹೋಯ್ತಾ?" ಎಂದರು.

"ಇನ್ನೊಂದೇ ಒಂದು ಸಾರ್. ಅದೂ ಆಗ್ಲಿಲ್ಲ ಅಂದ್ರೆ ಅಲ್ಲಿಗೇ ಹೋಗೋಣ," ಎಂದ. ಹೇಳುವಾಗ ಯಾವ ಇನ್ನೊಂದು ಎಂಬುದು ಅವನಿಗೇ ಗೊತ್ತಿರಲಿಲ್ಲ. ಕಾರು ನಿಲ್ಲಿಸುವ ಕಟ್ಟಡದ ತಾರಸಿಗೆ ಹತ್ತಿಸಿದ. ಅಲ್ಲಿಂದಲೂ ಒಂದು ಕಂಡರೆ ಒಂದಿಲ್ಲ. ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡು, ಅದು ಕೊಂಡೊಯ್ಯುವಷ್ಟು ದೂರಕ್ಕೆ ನೋಟವನ್ನು ಒಯ್ದು, ಛಾವಣಿ ಛಾವಣಿಯನ್ನೂ ತಡಕಾಡಿದ. ಬಟ್ಟೆ ಒಣಗಿಸುವ ತಂತಿಗಳು, ನೀರಿನ ತೊಟ್ಟಿಗಳು, ಒಂದು ತಾರಸಿಯಲ್ಲಿ ಯಾರೋ ಮುದುಕ ಪೇಪರು ಓದುತ್ತಿದ್ದ. ಎಲ್ಲ ಕಡೆಯೂ ಯಾರೋ ಇದ್ದರು. ಆಗ, ನದಿ ತಿರುಗುವ ಕಡೆಗೆ ಮುಖ ಮಾಡಿ ನಿಂತಿದ್ದ ದೊಡ್ಡ ಆಸ್ಪತ್ರೆಯ ಮಗ್ಗುಲಲ್ಲಿ, ಮೆಟ್ಟಿಲುಗಳ ನಡುವೆ, ಗಾಜಿಲ್ಲದ ಒಂದು ಅಗಲವಾದ ಕಿಟಕಿ ಕಂಡಿತು. ಗುಮ್ಮಟದಿಂದಲೂ ಅದು ಕಾಣಬೇಕು, ಸೇತುವೆಯಿಂದಲೂ ಕಾಣಬೇಕು. ಹಾಗಾದರೆ ಅಲ್ಲಿಂದ ಅವೆರಡೂ ಕಾಣಲೇಬೇಕು. ಅವನಿಗೆ ಒಂದು ಕ್ಷಣ ಅಳು ಬಂದ ಹಾಗಾಯಿತು.

"ಆಸ್ಪತ್ರೆನಾ?" ಎಂದರು ಡಾಕ್ಟರ ಹೆಂಡತಿ. "ಆಸ್ಪತ್ರೆ ಅಂದ್ರೆ ನಂಗೇನು ಹೊಸದಾ," ಎಂದು ಡಾಕ್ಟರು ಮುಂದೆ ಹೊರಟರು. ನೋಡುವುದಕ್ಕೆ ಬಂದ ನೆಂಟರ ಹಾಗೆ ಮೂವರೂ ಒಳಗೆ ನಡೆದರು, ಯಾರೂ ಕೇಳಲಿಲ್ಲ. ಲಿಫ್ಟು ಕೆಟ್ಟಿತ್ತು. ಮೆಟ್ಟಿಲುಗಳಲ್ಲಿ ಫಿನಾಯಿಲಿನ ವಾಸನೆ, ಯಾರದೋ ಊಟದ ಡಬ್ಬಿಯ ವಾಸನೆ. ಮೂಲೆಯಲ್ಲಿ ಒಬ್ಬಾತ ಚಪ್ಪಲಿಯನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದ. ಅವನನ್ನು ದಾಟುವಾಗ ಡಾಕ್ಟರ ಹೆಂಡತಿ ಬಟ್ಟೆ ತಾಗದ ಹಾಗೆ ಎತ್ತಿ ಹಿಡಿದುಕೊಂಡರು. ಮೇಲೆ, ಮೆಟ್ಟಿಲು ತಿರುಗುವಲ್ಲಿ, ಆ ಕಿಟಕಿ ಇತ್ತು. ಕಿಟಕಿಯ ತುಂಬ ಊರು ಬಿದ್ದುಕೊಂಡಿತ್ತು. ಎಡಕ್ಕೆ ಗುಮ್ಮಟ, ಬಲಕ್ಕೆ ಸೇತುವೆಯ ಪೂರಾ ಕಮಾನು, ನಡುವೆ ಇಳಿಬಿಸಿಲಿನಲ್ಲಿ ನದಿ. ಅಕ್ಕನ ಮೆಟ್ಟಿಲು ಇದರ ಮುಂದೆ ಏನೇನೂ ಅಲ್ಲ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಕಿಟಕಿಯ ಕಟ್ಟೆಗೆ ಒರಗಿ ಒಬ್ಬಳು ಹೆಂಗಸು ನಿಂತಿದ್ದಾಳೆಂಬುದು ತಡವಾಗಿ ಗಮನಕ್ಕೆ ಬಂತು. ಅವಳು ಫೋನಿನಲ್ಲಿ ಯಾರಿಗೋ ಮೆಲ್ಲಗೆ ಹೇಳುತ್ತಿದ್ದಳು: "ಅಮ್ಮಂಗೆ ಇನ್ನೂ ಹೇಳಿಲ್ಲ ಕಣೇ. ಹೇಗೆ ಹೇಳ್ಲಿ? ನಿದ್ದೆ ಮಾಡ್ತಿದಾನೆ ಅಂತ ಅನ್ಕೊಂಡಿದಾಳೆ." ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಂಡಿರಲಿಲ್ಲ, ಒರೆಸಿಕೊಳ್ಳಬೇಕೆಂಬುದೇ ಮರೆತುಹೋದ ಹಾಗಿತ್ತು.

"ಬೇಡ, ಬನ್ನಿ ಹೋಗೋಣ," ಎಂದು ಡಾಕ್ಟರ ಹೆಂಡತಿ ಗಂಡನ ತೋಳು ಹಿಡಿದರು. ಡಾಕ್ಟರು ಕಿಟಕಿಯನ್ನು ನೋಡಿದರು, ಆ ಹೆಂಗಸನ್ನು ನೋಡಿದರು, ಅವನನ್ನು ನೋಡಿದರು. "ಒಂದೇ ನಿಮಿಷದ ಕೆಲಸ. ಬೆಳಕು ಹೋಗುತ್ತೆ ಅಲ್ವಾ?" ಎಂದರು. ಬೆಳಕು ಹೋಗುವುದು ನಿಜ. ಅದು ಅವನೇ ಎಲ್ಲರಿಗೂ ಹೇಳುವ ಮಾತು. ಅವನು ಅವಳ ಹತ್ತಿರ ಹೋದ. ಮೈಯೆಲ್ಲ ನಾಚಿಕೆಯಿಂದ ಬೆವೆತಿತ್ತು, ಆದರೂ ಬಾಯಿ ತನ್ನ ರೂಢಿಯ ದನಿಯಲ್ಲಿ, ಸಾವಿರ ಸಲ ಆಡಿ ನಯವಾದ ದನಿಯಲ್ಲಿ, "ಒಂಚೂರು ಈ ಕಡೆ ಬರ್ತೀರಾ?" ಎಂದಿತು. ಅವಳು ಅವನ ಮುಖ ನೋಡಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ಬೆಳಗ್ಗಿನಿಂದ ಆ ಕಟ್ಟಡದಲ್ಲಿ ಈ ಕಡೆ ಬನ್ನಿ, ಆ ಕಡೆ ಹೋಗಿ ಎಂದವರ ಮಾತನ್ನೆಲ್ಲ ಕೇಳಿ ಅಭ್ಯಾಸವಾದವಳ ಹಾಗೆ, ಫೋನನ್ನು ಕಿವಿಗೆ ಒತ್ತಿಕೊಂಡೇ ಸರಿದು, ಮೆಟ್ಟಿಲ ಗೋಡೆಗೆ ಮುಖ ಮಾಡಿ ನಿಂತಳು. ಅವನು ಡಾಕ್ಟರನ್ನೂ ಅವರ ಹೆಂಡತಿಯನ್ನೂ ಕಿಟಕಿಯ ಬಳಿ ನಿಲ್ಲಿಸಿದ. ಡಾಕ್ಟರು ಹಲ್ಲು ಕಾಣುವಂತೆ ನಕ್ಕರು. ಹೆಂಡತಿ ನಗಲಿಲ್ಲ, ನದಿಯ ಕಡೆಗೆ ಮುಖ ತಿರುಗಿಸಿಕೊಂಡರು. ಅವರು ಹಾಗೆ ತಿರುಗಿಸಿಕೊಂಡದ್ದರಿಂದಲೇ ಫೋಟೋ ಅದ್ಭುತವಾಗಿ ಬಂತು. ಆಮೇಲೆ ಅವರಿಬ್ಬರನ್ನೂ ಸರಿಸಿ, ಬರಿಯ ಕಿಟಕಿಯದೊಂದು ತೆಗೆದ. ಅವನು ತೆಗೆದ ಎಲ್ಲ ಫೋಟೋಗಳಲ್ಲೂ ಅದೇ ಒಳ್ಳೆಯದು ಎಂಬುದು ಗುಂಡಿ ಒತ್ತುವಾಗಲೇ ಅವನಿಗೆ ಗೊತ್ತಾಗಿತ್ತು.

ಕೆಳಗೆ, ಆಸ್ಪತ್ರೆಯ ಗೇಟಿನಲ್ಲಿ, ಡಾಕ್ಟರು ಅವನ ಕೈ ಕುಲುಕಿ ಚೆನ್ನಾಗಿತ್ತು ಎಂದರು. ಅವರ ಹೆಂಡತಿ ಆಟೋ ಹತ್ತಿದರು. ಹತ್ತಿದ ಮೇಲೆ ಒಮ್ಮೆ ಅವನ ಕಡೆ ನೋಡಿದರು. ಅದು ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಬಸ್ಸು ಹಿಡಿದ. ಬಸ್ಸಿನಲ್ಲಿ ಕಂಬಕ್ಕೆ ಆತುಕೊಂಡು, ಒಂದು ಕೈಯಲ್ಲೇ ಫೋಟೋವನ್ನು ಕ್ಯಾಮೆರಾದಿಂದ ಫೋನಿಗೆ ತಂದು, ಸ್ವಲ್ಪ ತಿದ್ದಿ, ನಕ್ಷೆಯಲ್ಲಿ ಆಸ್ಪತ್ರೆಯ ಮೇಲೆ ಗುರುತು ಒತ್ತಿದ. ಇದು ಯಾರ ಮನೆಯೂ ಅಲ್ಲ ಎಂದುಕೊಂಡ. ಮೆಟ್ಟಿಲು, ದಾರಿ. ದಾರಿ ಎಲ್ಲರದು. ಹೆಚ್ಚು ಜನ ಬಂದರೆ ಆಸ್ಪತ್ರೆಯವರು ಒಬ್ಬ ಕಾವಲುಗಾರನನ್ನು ಹಾಕಿಕೊಳ್ಳುತ್ತಾರೆ. ಅಷ್ಟು ದೊಡ್ಡ ಕಟ್ಟಡಕ್ಕೆ ಅದೇನು ಕಷ್ಟವಲ್ಲ. ಆ ಹೆಂಗಸು ನಾಳೆ ಅಲ್ಲಿ ಇರುವುದಿಲ್ಲ. ಇರುವುದಿಲ್ಲ ನಿಜ, ಆದರೆ ಆ ಕಿಟಕಿಗೆ ನಾಳೆ ಇನ್ನೊಬ್ಬಳು ಬರುತ್ತಾಳೆ, ನಾಡಿದ್ದು ಮತ್ತೊಬ್ಬ, ಅಳುವುದಕ್ಕೆ ಆ ಕಟ್ಟಡದಲ್ಲಿ ಬೇರೆ ಜಾಗವಿಲ್ಲ. ಇದೆಲ್ಲ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಕಂಡೂ ಅವನು ಬರೆದ: ಆ ಗಲ್ಲಿಯ ಮೆಟ್ಟಿಲನ್ನು ಮರೆತುಬಿಡಿ, ಎರಡೂ ಕಾಣುವ ನಿಜವಾದ ಜಾಗ ಇದು. ಒತ್ತಿದ. ಬಸ್ಸು ತಿರುಗಿತು, ಯಾರೋ ಅವನ ಕಾಲು ತುಳಿದರು. ಮುಂದಿನ ಸ್ಟಾಪು ಬರುವಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಲು ಶುರುವಾಗಿತ್ತು, ನಿಲ್ಲಲೇ ಇಲ್ಲ. ಬಹಳ ದಿನಗಳಿಂದ ಇಷ್ಟು ಜನ ಒಟ್ಟಿಗೆ ಭಲೇ ಎಂದಿರಲಿಲ್ಲ. ಅವನಿಗೆ ಹೆಮ್ಮೆಯೂ ಆಯಿತು. ಹೆಮ್ಮೆಯಾದದ್ದಕ್ಕೆ ಅಸಹ್ಯವೂ ಆಯಿತು.

ಗಲ್ಲಿಗೆ ಬಂದಾಗ ಬಿಸಿಲು ಗೋಡೆಗಳ ತುದಿಯಲ್ಲಿತ್ತು. ದೂರದಿಂದಲೇ ಅಕ್ಕನ ಮನೆಯ ಬಾಗಿಲು ಹಾರುಹೊಡೆದಿರುವುದು ಕಾಣಿಸಿತು. ಸಾಮಾನು ಹೊರಗೆ ಹಾಕಿಬಿಟ್ಟರೇ, ಭಾವನಿಗೇನಾದರೂ ಆಯಿತೇ ಎಂದು ಓಡುನಡಿಗೆಯಲ್ಲಿ ಹತ್ತಿ ಬಂದ. ಹಾಗೇನೂ ಆಗಿರಲಿಲ್ಲ. ಬಾಗಿಲ ಚೌಕಟ್ಟಿನ ನಡುವೆ, ತಾನೆಂದೂ ಕಂಡಿರದ ಬೆತ್ತದ ಕುರ್ಚಿಯ ಮೇಲೆ ಅಕ್ಕ ಕೂತಿದ್ದಳು. ಹೆಗಲ ಮೇಲೆ ಹೊಸ ಕೆಂಪು ಶಾಲು. ತೊಡೆಯ ಮೇಲೆ ಕಸೂತಿಯ ಬಟ್ಟೆ, ಕೈಯಲ್ಲಿ ಸೂಜಿ. ಅಕ್ಕನಿಗೆ ಕಸೂತಿ ಬರುವುದಿಲ್ಲ. ಅವನ ಅಂಗಿಯ ಗುಂಡಿಗಳನ್ನೂ ಭಾವನೇ ಹಾಕಿಕೊಡುತ್ತಿದ್ದರು.

"ಬಂದ್ಯಾ? ನೋಡು ನೋಡು, ಹೀಗೆ ಕೂತ್ರೆ ಸರಿನಾ?" ಎಂದಳು ಅಕ್ಕ ಅಲುಗಾಡದೆ, ಅಲುಗಾಡಿದರೆ ಏನೋ ಒಡೆದುಹೋಗುತ್ತದೆ ಎನ್ನುವ ಹಾಗೆ. "ಓನರ್ರು ಮಧ್ಯಾಹ್ನಾನೇ ಬಂದುಬಿಟ್ರು. ಖಾಲಿ ಮಾಡೋದು ಬೇಡ ಅಂದ್ರು ಕಣೋ! ಅಂಗಡಿ ಗಿಂಗಡಿ ಯಾರು ಮಾಡ್ತಾರೆ, ಜನಕ್ಕೆ ಬೇಕಾಗಿರೋದು ಹಳೇ ಮನೆ, ಹಳೇ ಹೆಂಗಸು, ಅಂದ್ರು. ನಾನು ಇಲ್ಲಿ ಹೊಲೀತಾ ಕೂತಿರಬೇಕಂತೆ, ಬಾಗಿಲು ತೆಗೆದೇ ಇರಬೇಕಂತೆ. ಒಳಗೆ ಮಂಚ ಕಂಡ್ರೂ ಪರವಾಗಿಲ್ಲ, ನಿಜವಾದ ಮನೆ ಥರ ಇರುತ್ತೆ ಅಂದ್ರು."

"ನಿಜವಾದ ಮನೆ ಥರ," ಎಂದರು ಒಳಗಿನಿಂದ ಭಾವ. ಅವರು ದಿಂಬಿಗೆ ಒರಗಿ ಕೂತಿದ್ದರು. ಮುಖ ಬಾಗಿಲ ಕಡೆಗಿತ್ತು; ಎದೆ ಏರಿ ಇಳಿಯುತ್ತಿದ್ದದ್ದು ನಿಧಾನವಾಗಿತ್ತು. "ಏನ್ ಸಾಹೇಬ್ರೇ, ನಿಮ್ಮ ಅಕ್ಕ ಈಗ ಗುಮ್ಮಟಕ್ಕಿಂತ ಫೇಮಸ್ಸು. ನಾನು ಹಿಂದಿನ ಸೀನು. ಆದ್ರೂ ಏನೇ ಹೇಳಿ, ಗಾಳಿ ಬರ್ತಿದೆ." ಇಷ್ಟು ಉದ್ದದ ಮಾತನ್ನು ಅವರು ನಿಲ್ಲಿಸದೆ ಆಡಿದ್ದನ್ನು ಕೇಳಿ ಬಹಳ ದಿನವಾಗಿತ್ತು.

"ಎಷ್ಟು ದಿನ ಅಂತೆ?" ಎಂದು ಅವನು ಕೇಳಿದ.

"ಜನ ಬರೋವರೆಗೂ. ಹಿಂದಿನ ಹೋಟೆಲಿನವರು ಮೊದಲಿನಿಂದಲೂ ಈ ಜಾಗ ಕೊಡಿ ಅಂತ ದುಂಬಾಲು ಬಿದ್ದಿದಾರಂತೆ. ಜನ ನಿಂತುಹೋದ್ರೆ ಅವರಿಗೆ ಮಾರಿಬಿಡ್ತೀನಿ, ಬರ್ತಾ ಇರೋವರೆಗೂ ನಿಮ್ಮನ್ನ ಯಾರೂ ಮುಟ್ಟಲ್ಲ ಅಂದ್ರು." ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿ, ಅವನ ಮುಖವನ್ನು ನೋಡಿ, ದನಿ ತಗ್ಗಿಸಿದಳು. "ನಾನು ನಿನ್ನ ಮೇಲೆ ಸುಮ್ಮನೆ ಬೇಜಾರು ಮಾಡ್ಕೊಂಡಿದ್ದೆ ಕಣೋ. ಒಂದೊಂದು ದಿನ ಶಾಪಾನೂ ಹಾಕಿದೀನಿ, ದೇವರು ಕ್ಷಮಿಸಲಿ. ಈಗ ನೋಡು, ನೀನು ಆ ಫೋಟೋ ಹಾಕದೇ ಇದ್ದಿದ್ರೆ ನಮ್ಮನ್ನ ಎಂದೋ ಹೊರಗೆ ಹಾಕ್ತಿದ್ರು. ನಿನ್ನಿಂದಾನೇ ಉಳಿದದ್ದು."

ಅವನು ನೀರು ಕುಡಿಯುತ್ತೇನೆಂದು ಹೇಳಿ ಒಳಗೆ ಹೋದ. ಒಲೆಯ ಪಕ್ಕದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ಫೋನು ತೆಗೆದ. ಫೋಟೋವನ್ನು ಅಳಿಸಿದ. ಅಳಿಸುವುದು ಅವನಿಗೆ ನುರಿತ ಕೆಲಸ. ಆದರೆ ಅದು ಆಗಲೇ ಹೊರಟುಹೋಗಿತ್ತು. ಅವನಿಗೆ ಗೊತ್ತಿರುವ ಗೈಡುಗಳು, ಗೊತ್ತಿಲ್ಲದ ಯಾರ್ಯಾರೋ, ಅದನ್ನು ತಮ್ಮದಾಗಿ ಮಾಡಿಕೊಂಡು, ಅವನ ಮಾತನ್ನು ಅವನಿಗಿಂತ ಜೋರಾಗಿ ಹೇಳುತ್ತಿದ್ದರು: ಆ ಗಲ್ಲಿಯ ಮೆಟ್ಟಿಲನ್ನು ಮರೆತುಬಿಡಿ. ಒಬ್ಬ ಆಗಲೇ ಆ ಕಿಟಕಿಯಲ್ಲಿ ನಿಂತು ತೆಗೆಸಿಕೊಂಡ ಫೋಟೋ ಹಾಕಿದ್ದ. ಅಂಚಿನಲ್ಲಿ, ಮೆಟ್ಟಿಲ ಮೇಲೆ, ಯಾರದೋ ಬಗ್ಗಿದ ತಲೆ ಅರ್ಧ ಕಾಣುತ್ತಿತ್ತು. ಅವನು ಒಂದೊಂದನ್ನೂ ತೆರೆದು, ದಯವಿಟ್ಟು ತೆಗೆಯಿರಿ, ಅದು ಆಸ್ಪತ್ರೆ, ಎಂದು ಬರೆಯತೊಡಗಿದ. ಬರೆದ ಹಾಗೆಲ್ಲ ಅದನ್ನು ನೋಡಿದವರು ಹೆಚ್ಚಾಗುತ್ತಿದ್ದರು. ಕೈಯಾರೆ ಬಿತ್ತಿದ್ದನ್ನು ಕೈಯಾರೆ ಬಾಚಿ ತೆಗೆಯಲು ಆಗುವುದಿಲ್ಲ. ಎಲ್ಲವನ್ನೂ ಅಕ್ಕನಿಗೆ ಈಗಲೇ ಹೇಳಿಬಿಡಬೇಕೆಂದು ಅವನು ತಿರುಗಿದ.

ಇಲ್ಲಿಂದ ನೋಡಿದರೆ ಬಾಗಿಲಲ್ಲಿ ಅಕ್ಕನ ಬೆನ್ನು ಮಾತ್ರ ಕಾಣುತ್ತಿತ್ತು, ಅದರ ಆಚೆ ಎರಡು ಗೋಡೆಗಳ ಸಂದಿ. ಈ ಹೊತ್ತಿಗೆ ಮಾಮೂಲಾಗಿ ಮೆಟ್ಟಿಲ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಇವತ್ತು ಗಲ್ಲಿ ಬಿಕೋ ಎನ್ನುತ್ತಿತ್ತು. ಕೆಳಗಿನಿಂದ ಇಬ್ಬರು ಹುಡುಗಿಯರು ನಗುತ್ತ ಹತ್ತಿ ಬಂದರು. ಅಕ್ಕ ಬೆನ್ನು ನೆಟ್ಟಗೆ ಮಾಡಿ, ತಲೆ ಬಗ್ಗಿಸಿ, ಬಾರದ ಕಸೂತಿಯೊಳಗೆ ಸೂಜಿ ಆಡಿಸತೊಡಗಿದಳು. ಹುಡುಗಿಯರು ತಿರುವಿನಲ್ಲಿ ನಿಂತರು. ಒಬ್ಬಳು ಫೋನು ನೋಡಿ, "ಏ, ಇದಲ್ವಂತೆ ಕಣೇ. ಈಗ ಹೊಸದೊಂದು ಬಂದಿದೆಯಂತೆ, ನದಿ ಹತ್ರ," ಎಂದಳು. ಇನ್ನೊಬ್ಬಳು ಅಕ್ಕನ ಕಡೆ ಒಮ್ಮೆ ನೋಡಿದಳು, ಬಾಗಿಲೊಳಗಿನ ಮಂಚವನ್ನೂ ನೋಡಿದಳು. ಬೆಳಕು ಹೋಗುವ ಮೊದಲು ಬೇಗ ಬಾ ಎಂದು ಒಬ್ಬಳನ್ನೊಬ್ಬಳು ಎಳೆದುಕೊಂಡು ಇಳಿದುಹೋದರು. ಅವರ ಚಪ್ಪಲಿಯ ಸದ್ದು ಕೆಳಗಿನವರೆಗೂ ಕೇಳಿಸಿತು.

ಅಕ್ಕ ಮೆಲ್ಲಗೆ ತಲೆಯೆತ್ತಿದಳು. ತಮ್ಮ ತನ್ನ ಹಿಂದೆ ಬಂದು ನಿಂತದ್ದು ಅವಳಿಗೆ ಗೊತ್ತಾಗಿತ್ತು.

"ಯಾಕೋ ಹೋಗಿ ಬಿಟ್ರು? ನಾನು ಕೂತಿದ್ದು ಸರಿ ಬರ್ಲಿಲ್ವಾ?"

ಅವನು ಬಾಯಿ ತೆರೆದ. ಮಂಚದ ಮೇಲೆ ಭಾವ ಕಣ್ಣು ಮುಚ್ಚಿಕೊಂಡಿದ್ದರು. ಗಾಳಿ ಅವರ ಹಣೆಯ ಕೂದಲನ್ನು ಅಲ್ಲಾಡಿಸುತ್ತಿತ್ತು.

"ಬೆಳಕು ಸರಿ ಇಲ್ಲ ಅಕ್ಕ, ಅದಕ್ಕೆ," ಎಂದ. "ನೀನು ಕೂತಿರೋದು ಸರಿಯಾಗೇ ಇದೆ."

"ಹೌದಾ?" ಎಂದಳು ಅಕ್ಕ. ಶಾಲನ್ನು ಹೆಗಲ ಮೇಲೆ ಎಳೆದುಕೊಂಡಳು. "ಹಾಗಾದ್ರೆ ಇನ್ನೂ ಸ್ವಲ್ಪ ಹೊತ್ತು ಕೂತಿರ್ತೀನಿ. ಬಂದ್ರೂ ಬರಬಹುದು."